ಹಿತ್ತಿಲು ಬಾಲ್ಕನಿಗೆ ಬಂದ ಬಗೆ

ಸಂಕ್ರಾಂತಿ ಕಳೆದು ರಥಸಪ್ತಮಿ ಹತ್ತಿರವಾಗುತ್ತಿದ್ದಂತೆ ನಮ್ಮ ಡೊಂಬಿವಲಿಯ ಚಳಿ ಗಂಟುಮೂಟೆ ಕಟ್ಟುತ್ತದೆ. ಥಾಣೆಯ ಯೇವೂರು ಗುಡ್ಡದಲ್ಲಿ ಮುತ್ತುಗದ ಮರ ಎಲೆ ಉದುರಿಸಿ ಹೂ ಬಿಡಲು ಸಜ್ಜಾಗುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಇಂಥದೇ ಒಂದು ಬೆಳಿಗ್ಗೆ ನನ್ನ ಅತ್ತೆ ಹೇಳಿದ್ದರು: "ಚಳಿ ಬಿಟ್ಟಿತು ಮಗಾ, ಇನ್ನು ಮಣ್ಣಿಗೆ ಕೈ ಹಾಕಬೇಕು." ನಾನು ಸುತ್ತ ನೋಡಿದೆ. ಒಂದು ಕೋಣೆ, ಒಂದು ಅಡುಗೆಮನೆ, ಎದುರಿಗೆ ಹತ್ತು ಮನೆಯವರು ಓಡಾಡುವ ಉದ್ದನೆಯ ಜಗಲಿ. ಮಣ್ಣೆಲ್ಲಿದೆ? ಅತ್ತೆ ಜಗಲಿಯ ಮೂಲೆ ತೋರಿಸಿದರು. ಅಲ್ಲಿ ಐದು ತಗಡಿನ ಎಣ್ಣೆ ಡಬ್ಬಗಳಿದ್ದವು. ತುಳಸಿ, ಮಲ್ಲಿಗೆ, ಬಸಳೆ, ದೊಡ್ಡಪತ್ರೆ, ಕರಿಬೇವು. ಅದೇ ಅವರ ಹಿತ್ತಿಲು.

ಮುಂಬಯಿ ಕನ್ನಡಿಗರ ಇತಿಹಾಸ ಬರೆಯುವಾಗ ನಾವು ಹೋಟೆಲುಗಳನ್ನು ನೆನೆಯುತ್ತೇವೆ, ರಾತ್ರಿಶಾಲೆಗಳನ್ನು ನೆನೆಯುತ್ತೇವೆ, ಸಂಘಗಳು, ಯಕ್ಷಗಾನ, ನಾಟಕ, ಭಜನಾ ಮಂಡಳಿಗಳನ್ನು ನೆನೆಯುತ್ತೇವೆ. ಅವೆಲ್ಲ ಬೇಕಾದದ್ದೇ. ಆದರೆ ಕಿಟಕಿಯ ಗ್ರಿಲ್ಲಿಗೆ ಹಬ್ಬಿದ ಆ ಬಸಳೆ ಬಳ್ಳಿ ಯಾವ ಸ್ಮರಣಸಂಚಿಕೆಯಲ್ಲೂ ಬಂದಿಲ್ಲ. ಭೂಮಿಯನ್ನು ಊರಲ್ಲೇ ಬಿಟ್ಟು ಬಂದ ಹೆಂಗಸರು ಬೀಜ, ಬಳ್ಳಿಯ ತುಂಡು ಮತ್ತು ಯಾವ ತಿಂಗಳಲ್ಲಿ ಯಾವ ಕೆಲಸ ಎಂಬ ತಿಳಿವಳಿಕೆಯನ್ನು ಮಾತ್ರ ಜತೆಗೆ ತಂದರು. ಆ ತಿಳಿವಳಿಕೆಗೂ ಒಂದು ಇತಿಹಾಸವಿದೆ. ವಸಂತದ ಹೊಸ್ತಿಲಲ್ಲಿ ಅದನ್ನು ಒಮ್ಮೆ ನೆನಪಿಸಿಕೊಳ್ಳೋಣ.

ಮಾಘದ ಅಂಗಳ

ಕರಾವಳಿಯ ಮನೆಗೆ ಮುಂದೆ ಅಂಗಳ, ಹಿಂದೆ ಹಿತ್ತಿಲು. ಮಳೆಗಾಲ ಮುಗಿದ ಮೇಲೆ ಭತ್ತದ ಕೊಯ್ಲಿಗೆಂದು ಅಂಗಳವನ್ನು ಕೆತ್ತಿ, ಹೊಸ ಮಣ್ಣು ಹಾಕಿ, ನೀರು ಹೊಯ್ದು, ಮರದ ಹಲಗೆಯಿಂದ ಬಡಿದು ಗಟ್ಟಿಮಾಡಿ, ಸೆಗಣಿ ಸಾರಿಸುತ್ತಿದ್ದರು. ಬತ್ತ ಒಳಗೆ ಸೇರಿದ ಮೇಲೆ, ಮಾಘದ ಹೊತ್ತಿಗೆ, ಕೆಲಸ ಹಿತ್ತಿಲಿಗೆ ಹೊರಳುತ್ತಿತ್ತು. ಹಾಡಿಯಲ್ಲಿ ಉದುರಿದ ತರಗೆಲೆಯನ್ನು ಹೆಂಗಸರು ಗುಡಿಸಿ ಹೆಡಗೆ ತುಂಬಿ ತಲೆಹೊರೆಯಲ್ಲಿ ತರುತ್ತಿದ್ದರು. ಒಂದಿಷ್ಟು ಹಟ್ಟಿಗೆ, ಒಂದಿಷ್ಟು ಗೊಬ್ಬರದ ಗುಂಡಿಗೆ, ಒಂದಿಷ್ಟು ಮಣ್ಣಿನ ಜತೆ ಸುಟ್ಟು ಸುಡುಮಣ್ಣು ಮಾಡುವುದಕ್ಕೆ. ಬಚ್ಚಲಿನ ನೀರು ಹರಿಯುವ ಜಾಗದಲ್ಲಿ ಬಾಳೆ ಮತ್ತು ಬಸಳೆ ಚಪ್ಪರ. ಬಾವಿಕಟ್ಟೆಯ ಬಳಿ ತೊಂಡೆ. ಗದ್ದೆಯಲ್ಲಿ ತೇವ ಉಳಿದಿದ್ದರೆ ಅಲ್ಲೇ ಸೌತೆ, ಅಲಸಂಡೆ, ಹರಿವೆ. ಬೇಸಗೆಯಲ್ಲಿ ಬೆಳೆದ ಆ ಸೌತೆಯನ್ನು ಬಾಳೆನಾರಿನಿಂದ ಕಟ್ಟಿ ಮಾಡಿನ ಅಡ್ಡಕ್ಕೆ ತೂಗುಹಾಕಿದರೆ ಮಳೆಗಾಲದವರೆಗೂ ಹುಳಿಗೆ ಚಿಂತೆಯಿಲ್ಲ. ಅಂದರೆ ಮಾಘದಲ್ಲಿ ಹಿತ್ತಿಲು ಸಿದ್ಧವಾಗದಿದ್ದರೆ ಆಷಾಢದಲ್ಲಿ ಅಡುಗೆಗೆ ತರಕಾರಿ ಇಲ್ಲ. ಗದ್ದೆಯ ಲೆಕ್ಕ ಗಂಡಸರ ಪುಸ್ತಕದಲ್ಲಿತ್ತು. ಹಿತ್ತಿಲ ಲೆಕ್ಕ ಹೆಂಗಸರ ತಲೆಯಲ್ಲಿತ್ತು. ಅದಕ್ಕೇ ಅದು ಬರಹದಲ್ಲಿ ಉಳಿಯಲಿಲ್ಲ.

ತುಳುನಾಡಿನವರಿಗೆ ಈ ಕೆಲಸದ ನಡುವೆ ಒಂದು ಬಿಡುವೂ ಉಂಟು. ಪೊನ್ನಿ ತಿಂಗಳ ಕೊನೆಯಲ್ಲಿ, ನಮ್ಮ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಫೆಬ್ರವರಿ ಎರಡನೇ ವಾರದ ಆಸುಪಾಸಿನಲ್ಲಿ, ಕೆಡ್ಡಸ ಬರುತ್ತದೆ. ಭೂಮಿತಾಯಿ ಋತುಮತಿಯಾಗುತ್ತಾಳೆ ಎಂಬ ನಂಬಿಕೆ. ಆ ದಿನಗಳಲ್ಲಿ ನೇಗಿಲು ಹೂಡುವಂತಿಲ್ಲ, ಮಣ್ಣು ಅಗೆಯುವಂತಿಲ್ಲ, ಮರ ಕಡಿಯುವಂತಿಲ್ಲ. ಕೊನೆಗೆ ಹೆಂಗಸರು ತುಳಸಿಕಟ್ಟೆಯ ಬಳಿ ಸೆಗಣಿ ಸಾರಿಸಿ, ಎಣ್ಣೆ, ಸೀಗೆ, ಅರಸಿನ, ಕುಂಕುಮ ಇಟ್ಟು ಭೂಮಿಗೆ ಎಣ್ಣೆ ಬಿಡುತ್ತಾರೆ. ಹುರಿದ ಅಕ್ಕಿ, ಹುರುಳಿಗೆ ಬೆಲ್ಲ, ತೆಂಗಿನಕಾಯಿ ಸೇರಿಸಿದ ಕುಡುಅರಿ ಆ ದಿನದ ತಿನಿಸು. ನಂಬಿಕೆಯನ್ನು ಯಾರು ಹೇಗಾದರೂ ತಿಳಿಯಲಿ. ಮಣ್ಣಿಗೂ ವಿಶ್ರಾಂತಿ ಬೇಕು, ಮಣ್ಣೂ ಒಂದು ಹೆಣ್ಣುಜೀವ ಎಂದು ಒಂದು ಸಮಾಜ ವರ್ಷಕ್ಕೊಮ್ಮೆ ಕೈಕಟ್ಟಿ ಕೂತದ್ದು ಸಣ್ಣ ಸಂಗತಿಯಲ್ಲ. ಬಿತ್ತನೆಯ ಹುರುಪು ಶುರುವಾಗುವುದು ಅದರ ನಂತರವೇ.

ಗ್ರಂಥದಲ್ಲಿ ಗಿಡ, ಹಡಗಿನಲ್ಲಿ ಗಿಡ

ಕನ್ನಡದಲ್ಲಿ ಗಿಡಮರಗಳ ಆರೈಕೆಯ ಬರಹ ಸಾವಿರ ವರ್ಷ ಹಳೆಯದು. ಸುಮಾರು 1025ರಲ್ಲಿ, ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯ 'ಲೋಕೋಪಕಾರ'ವನ್ನು ರಚಿಸಿದ. ಹೆಸರೇ ಹೇಳುವಂತೆ ಅದು ದಿನಬಳಕೆಯ ವಿದ್ಯೆಗಳ ಗ್ರಂಥ. ಅಂತರ್ಜಲ ಹುಡುಕುವ ಬಗೆ, ವೃಕ್ಷಾಯುರ್ವೇದ, ಸುಗಂಧದ್ರವ್ಯ, ಅಡುಗೆ, ಔಷಧ ಎಲ್ಲವೂ ಒಂದೇ ಪುಸ್ತಕದಲ್ಲಿವೆ. ಗಿಡ, ನೀರು, ಅಡುಗೆ, ಮದ್ದು ಬೇರೆಬೇರೆಯಲ್ಲ ಎಂಬ ಈ ನೋಟ ನಮ್ಮ ಅಜ್ಜಿಯರ ಹಿತ್ತಿಲಿಗೂ ಒಪ್ಪುವಂಥದ್ದು. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲೂ ಉದ್ಯಾನದ ಮಾತು ಬರುತ್ತದೆ. ಆದರೆ ಅದು ಅರಸನ ಉದ್ಯಾನ, ಸಂಸ್ಕೃತದ ಗ್ರಂಥ. ಆ ಕಲ್ಯಾಣವೂ ನಮ್ಮ ಲೋಕಲ್ ನಿಲ್ಲುವ ಕಲ್ಯಾಣ್ ಅಲ್ಲ, ಬೀದರ್ ಜಿಲ್ಲೆಯ ಬಸವಕಲ್ಯಾಣ.

ಇನ್ನೊಂದು ಕವಲು ಸಮುದ್ರದಿಂದ ಬಂತು. 1534ರಲ್ಲಿ ವಸಾಯಿ ಪ್ರದೇಶ ಪೋರ್ಚುಗೀಸರ ಕೈಸೇರಿತು. ಥಾಣೆಯೂ ಸುಮಾರು ಇನ್ನೂರು ವರ್ಷ ಅವರ ಆಡಳಿತದಲ್ಲಿತ್ತು. ಅವರ ವೈದ್ಯ ಗಾರ್ಸಿಯಾ ದ ಓರ್ತಾ ಮುಂಬಯಿ ದ್ವೀಪವನ್ನು ಗುತ್ತಿಗೆಗೆ ಹಿಡಿದಿದ್ದ. ನಮ್ಮ ನಾಡಿನ ಮದ್ದುಗಿಡಗಳ ಕುರಿತು ಅವನು ಬರೆದ ಪುಸ್ತಕ 1563ರಲ್ಲಿ ಗೋವೆಯಲ್ಲಿ ಅಚ್ಚಾಯಿತು. ಮುಂಬಯಿಯ ತನ್ನ ಜಾಗದಲ್ಲಿ ವರ್ಷಕ್ಕೆರಡು ಬಾರಿ ಕಾಯಿ ಬಿಡುವ ಮಾವಿನಮರವಿದೆ ಎಂದು ಅದರಲ್ಲಿ ಹೇಳಿಕೊಂಡಿದ್ದಾನೆ. ಅಮೆರಿಕ ಖಂಡದ ಗಿಡಗಳು ಈ ಪಶ್ಚಿಮ ತೀರಕ್ಕೆ ಬಂದದ್ದೂ ಹೆಚ್ಚಾಗಿ ಪೋರ್ಚುಗೀಸರ ಹಡಗುಗಳಲ್ಲಿ. ಮೆಣಸಿನಕಾಯಿ, ಗೇರು, ಪೇರಳೆ, ಅನಾನಸು, ಪಪ್ಪಾಯಿ ಎಲ್ಲ ಪರದೇಶಿಗಳೇ. ಪಪ್ಪಾಯಿಗೆ ಕನ್ನಡದಲ್ಲಿ 'ಪರಂಗಿ' ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ದಸರೆಗೆ ಮಾಲೆ ಕಟ್ಟುವ ಚೆಂಡುಹೂವಿನ ತವರು ಮೆಕ್ಸಿಕೊ. ಇವು ಅಡುಗೆಮನೆಗೂ ದೇವರಕೋಣೆಗೂ ಬರುವ ಮೊದಲು ಯಾರದೋ ಹಿತ್ತಿಲಲ್ಲಿ ಬೇರೂರಬೇಕಿತ್ತು. ವಲಸೆ ಬಂದ ಗಿಡವನ್ನು ಮನೆಯದಾಗಿಸಿಕೊಂಡ ಕೈಗಳೇ ಮುಂದೆ ತಾವೂ ವಲಸೆ ಹೊರಟವು.

ಚಾಳಿಗೆ ಬಂದ ಬಳ್ಳಿ

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಬಂತು. ಮರುವರ್ಷ ಹಳಿ ಕಲ್ಯಾಣ್ ಮುಟ್ಟಿತು. ಹಳಿಯ ಎರಡೂ ಕಡೆ ಆಗ ಭತ್ತದ ಗದ್ದೆ, ಉಪ್ಪಿನಾಗರ, ಖಾರಿ. ನಮ್ಮವರು ಈ ಕಡೆಗೆ ಗುಂಪಾಗಿ ಬಂದು ನೆಲೆಸಿದ್ದು ಬಹಳ ಕಾಲದ ನಂತರ. ಮೊದಲು ಗಂಡಸರು ಹಡಗು ಹತ್ತಿ ಮುಂಬಯಿಗೆ ಬಂದು, ಹೋಟೆಲಿನಲ್ಲಿ ದುಡಿದು, ಅಲ್ಲೇ ಮಲಗಿದರು. ಸಂಸಾರ ತರುವ ಹೊತ್ತಿಗೆ ನಗರದೊಳಗೆ ಮನೆ ಕೈಗೆಟುಕುತ್ತಿರಲಿಲ್ಲ. ಥಾಣೆ, ಡೊಂಬಿವಲಿ, ಕಲ್ಯಾಣ್‌ಗಳಲ್ಲಿ ಬಾಡಿಗೆ ಕಡಿಮೆ. ಹಾಗೆ ಹೆಂಗಸರು ಬಂದರು. ಅವರೊಡನೆ ತುಳಸಿಯೂ ಬಂತು.

ಅದೇ ಕಾಲದಲ್ಲಿ ದೇಶವೂ ಮನೆಯಂಗಳದತ್ತ ಕಣ್ಣು ಹಾಯಿಸಿತ್ತು. ಎರಡನೆಯ ಮಹಾಯುದ್ಧದ ಆಹಾರ ಅಭಾವದಲ್ಲಿ ಸರಕಾರ 'ಹೆಚ್ಚು ಆಹಾರ ಬೆಳೆಯಿರಿ' ಆಂದೋಲನ ಆರಂಭಿಸಿತು. ಆ ಹೆಸರಿನ ಯೋಜನೆಯಡಿಯಲ್ಲೇ ರೈಲ್ವೆ ತನ್ನ ಹಳಿಯ ಪಕ್ಕದ ಜಾಗವನ್ನು ತರಕಾರಿ ಬೆಳೆಯಲು ಕೊಟ್ಟಿತು. ಲೋಕಲಿನ ಕಿಟಕಿಯಿಂದ ನಾವು ನೋಡುತ್ತ ಬಂದ ಪಾಲಕ, ಬೆಂಡೆಯ ಪಾತಿಗಳ ಮೂಲ ಇದು. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಕರೆ ಕೊಟ್ಟಾಗ ತಮ್ಮ ಸರಕಾರಿ ಬಂಗಲೆಯ ಹುಲ್ಲುಹಾಸನ್ನೇ ಉಳುಮೆಗೆ ಒಡ್ಡಿದರು. ಚಾಳಿನ ಹೆಂಗಸಿಗೆ ಉಳಲು ಹುಲ್ಲುಹಾಸು ಇರಲಿಲ್ಲ. ಆದರೆ ಎಣ್ಣೆ ಡಬ್ಬದ ತಳಕ್ಕೆ ಮೊಳೆಯಿಂದ ತೂತು ಹೊಡೆಯಲು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನೀರು ಬರುವ ಹೊತ್ತಿಗೆ ಎದ್ದು ಪೀಪಾಯಿ ತುಂಬಿಸಿಕೊಳ್ಳುವ ಮನೆಯಲ್ಲಿ ಗಿಡಕ್ಕೆ ನಳ್ಳಿಯ ನೀರು ಎಂದರೆ ದುಂದು. ಆದ್ದರಿಂದ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಮೀನು ತೊಳೆದ ನೀರು. ಊರಿನ ಬಚ್ಚಲ ನೀರಿನ ಲೆಕ್ಕವೇ ಇಲ್ಲಿ ತಂಬಿಗೆಯ ಅಳತೆಗೆ ಇಳಿಯಿತು. ಊರಿಗೆ ಹೋದವರು ಬಸಳೆಯ ದಂಟನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತರುತ್ತಿದ್ದರು. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣವಾದ ಮೇಲೆ ಆ ಪ್ರಯಾಣ ಒಂದು ರಾತ್ರಿಯದಾಯಿತು. ಹಲಸಿನಕಾಯಿ, ಕುಚ್ಚಲಕ್ಕಿಯ ಚೀಲಗಳ ನಡುವೆ ಮಲ್ಲಿಗೆಯ ಸಸಿಯೂ ಥಾಣೆ, ಪನ್ವೇಲ್ ನಿಲ್ದಾಣಗಳಲ್ಲಿ ಇಳಿಯತೊಡಗಿತು.

ಮಲ್ಲಿಗೆಯ ವಿಷಯ ಹೇಳಲೇಬೇಕು. ಉಡುಪಿ ಬಳಿಯ ಶಂಕರಪುರದ ಸುತ್ತ ಮನೆಯಂಗಳದಲ್ಲೇ ಮಲ್ಲಿಗೆ ಬೆಳೆದು ಸಂಸಾರ ಸಾಗಿಸಿದ ಹೆಂಗಸರಿದ್ದಾರೆ. ಬೆಳಗಿನ ಜಾವ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮತ್ತು ಅಟ್ಟಿಯ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟಿ. ಆ ಹೂ ಮುಂಬಯಿಗೂ ಬರುತ್ತದೆ. ಉಡುಪಿ ಮಲ್ಲಿಗೆಗೆ ಈಗ ಭೌಗೋಳಿಕ ಸೂಚಿಯ ಮಾನ್ಯತೆಯಿದೆ. "ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯನ್ನು ನಾವು ಎಷ್ಟು ಸಲ ಹೇಳಿದ್ದೇವೋ! ಅಂಗಳದ ಗಿಡ ಮಕ್ಕಳ ಶಾಲೆಯ ಫೀಸು ಕಟ್ಟಿದ್ದನ್ನೂ ಜತೆಗೇ ಹೇಳಬೇಕು.

ಈ ಮಣ್ಣು ಯಾರದು

ನವಿಮುಂಬಯಿಯ ಗೆಳತಿಯರಿಗೆ ಈ ಭಾಗ. 1960ರ ದಶಕದ ನಡುವಿನಲ್ಲಿ ಚಾರ್ಲ್ಸ್ ಕೊರಿಯ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಎಂಬ ಮೂವರು ಖಾರಿಯ ಆಚೆ ಹೊಸ ನಗರ ಕಟ್ಟುವ ವಿಚಾರ ಮುಂದಿಟ್ಟರು. 1970ರಲ್ಲಿ ಸಿಡ್ಕೊ ಹುಟ್ಟಿತು. ಥಾಣೆ, ಪನ್ವೇಲ್, ಉರಣ್ ಕಡೆಯ 95 ಹಳ್ಳಿಗಳ ಭೂಮಿ ಯೋಜನೆಯ ವ್ಯಾಪ್ತಿಗೆ ಬಂತು. ಅದು ಹೆಚ್ಚಾಗಿ ಆಗರಿ, ಕೋಳಿ ಸಮುದಾಯದವರ ಭತ್ತದ ಗದ್ದೆ, ಉಪ್ಪಿನಾಗರ, ಮೀನಿನ ಖಾರಿ. ನ್ಯಾಯವಾದ ಪರಿಹಾರಕ್ಕಾಗಿ ದಿ. ಬಾ. ಪಾಟೀಲರ ನೇತೃತ್ವದಲ್ಲಿ ನಡೆದ ಹೋರಾಟದಲ್ಲಿ, 1984ರ ಜನವರಿಯಲ್ಲಿ, ಉರಣ್ ತಾಲೂಕಿನ ಜಾಸಯಿ ಪರಿಸರದಲ್ಲಿ ಗೋಲಿಬಾರ್ ಆಗಿ ಐವರು ರೈತರು ಪ್ರಾಣ ತೆತ್ತರು. ಸ್ವಾಧೀನಗೊಂಡ ಭೂಮಿಯ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿ ರೈತರಿಗೆ ಮರಳಿಸುವ ನಿಯಮ ಆ ಹೋರಾಟದ ಫಲ. ವಾಶಿ, ನೆರೂಲ್, ಬೇಲಾಪುರಗಳಲ್ಲಿ ನಾವು ಕುಂಡಕ್ಕೆ ಮಣ್ಣು ತುಂಬುವಾಗ ಇದು ನೆನಪಿರಲಿ. ಮಾಘದ ಅಂಗಳ ಕಳಕೊಂಡವರು ನಾವು ಮಾತ್ರವಲ್ಲ.

ಈ ನಗರದಲ್ಲೇ ಅಂಗಳವನ್ನು ಉಳಿಸುವ ಒಂದು ಪ್ರಯತ್ನವೂ ಆಯಿತು. ಬೇಲಾಪುರದ ಆರ್ಟಿಸ್ಟ್ಸ್ ವಿಲೇಜನ್ನು ಕೊರಿಯ ಅವರು 1980ರ ದಶಕದಲ್ಲಿ ರೂಪಿಸಿದರು. ಸುಮಾರು ಏಳು ಮನೆಗಳಿಗೆ ಎಂಟು ಮೀಟರ್ ಉದ್ದಗಲದ ಒಂದು ಸಣ್ಣ ಅಂಗಳ. ಆ ಅಂಗಳಗಳ ಗುಂಪಿಗೆ ಇನ್ನೊಂದು ದೊಡ್ಡ ಅಂಗಳ. ಒಂದು ಮನೆಯ ಗೋಡೆ ಇನ್ನೊಂದಕ್ಕೆ ಅಂಟಿಕೊಂಡಿಲ್ಲ, ಪ್ರತಿ ಮನೆಗೂ ತನ್ನದೇ ನೆಲ, ತನ್ನದೇ ಆಕಾಶ. ಶ್ರೀಮಂತರಿಗೆ ಮಾತ್ರವಲ್ಲ, ಸಾಧಾರಣ ವರಮಾನದವರಿಗೂ ಗಿಡ ನೆಡುವಷ್ಟು ನೆಲ ಬೇಕು ಎಂಬುದು ಅದರ ಹಿಂದಿನ ವಿಚಾರ. ಮುಂದಿನ ಗೋಪುರದಂಥ ಕಟ್ಟಡಗಳಲ್ಲಿ ಈ ವಿಚಾರ ಮುಂದುವರಿಯಲಿಲ್ಲ.

ಡೊಂಬಿವಲಿಯ ನಾವು ಬೇರೆ ಬಗೆಯ ಪಾಠ ಕಲಿತೆವು. 2014ರ ಜನವರಿಯಲ್ಲಿ ಎಂಐಡಿಸಿ ಪರಿಸರದಲ್ಲಿ ಹಸಿರು ಬಣ್ಣದ ಮಳೆ ಬಿದ್ದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಆ ಹಸಿರು ಎಲೆಯದಲ್ಲ, ಕಾರ್ಖಾನೆಗಳ ರಸಾಯನದ್ದೆಂಬ ಮಾತು ಎಲ್ಲೆಡೆ ಕೇಳಿಬಂತು. ಅಂಥ ಗಾಳಿಯಲ್ಲಿ ಒಂದು ತುಳಸಿ ಬದುಕಿದೆಯೋ ಬಾಡಿದೆಯೋ ಎಂದು ಬೆಳಿಗ್ಗೆ ಎದ್ದು ನೋಡುವುದು ಬರೀ ಭಕ್ತಿಯಲ್ಲ, ನಮ್ಮ ಮಕ್ಕಳು ಉಸಿರಾಡುವ ಗಾಳಿಯ ಮೇಲೊಂದು ಕಣ್ಣು.

ಈಗಿನ ಪೆಟ್ಟು ರಿಡೆವಲಪ್‌ಮೆಂಟಿನದು. ಹಳೆಯ ಮೂರು, ನಾಲ್ಕು ಮಾಳಿಗೆಯ ಕಟ್ಟಡಗಳ ಸುತ್ತ ಒಂದಿಷ್ಟು ಮಣ್ಣಿತ್ತು. ಯಾರೋ ಒಬ್ಬರು ನೆಟ್ಟ ನುಗ್ಗೆ, ಪಾರಿಜಾತ, ದಾಸವಾಳ, ಕರಿಬೇವು ಇಡೀ ಸೊಸೈಟಿಯದಾಗಿತ್ತು. ನಾವಿದ್ದ ಹಳೆಯ ಕಟ್ಟಡ ಬಿದ್ದಾಗ ಅತ್ತೆಯ ಕರಿಬೇವಿನ ಮರವೂ ಹೋಯಿತು. ಎಣ್ಣೆ ಡಬ್ಬದಿಂದ ನೆಲಕ್ಕಿಳಿಸಿದ ಮೇಲೆ ಅದು ಎರಡನೇ ಮಾಳಿಗೆಯೆತ್ತರ ಬೆಳೆದಿತ್ತು. ಹೊಸ ಫ್ಲ್ಯಾಟಿನ ಚದರಡಿಯ ಲೆಕ್ಕ ಕಾಗದದಲ್ಲಿತ್ತು, ಮರದ ಲೆಕ್ಕ ನಾವು ಯಾರೂ ಕೇಳಲಿಲ್ಲ. ಅತ್ತೆ ಆಗ ಇರಲಿಲ್ಲ ಎಂಬುದೇ ಸಮಾಧಾನ. ಅದರ ಬುಡದ ಒಂದು ಮರಿಗಿಡ ಈಗ ನನ್ನ ಬಾಲ್ಕನಿಯಲ್ಲಿದೆ. ಮಹಾರಾಷ್ಟ್ರದಲ್ಲಿ 1975ರಿಂದಲೇ ನಗರದ ಮರಗಳ ರಕ್ಷಣೆಗೆ ಕಾಯಿದೆಯಿದೆ. ಸೊಸೈಟಿಯ ಅಂಗಳದ ಮರವಾದರೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಮರದ ಲೆಕ್ಕ ಕೇಳುವ ಹಕ್ಕು ನಮಗಿದೆ ಎಂಬುದು ನನಗೆ ತಡವಾಗಿ ತಿಳಿಯಿತು. ನಿಮಗೆ ಈಗಲೇ ತಿಳಿದಿರಲಿ.

ಈ ಮಾಘದಲ್ಲಿ ನಾವು

ಇತಿಹಾಸ ಓದಿ ಸುಮ್ಮನೆ ಕೂರುವುದು ಬೇಡ. ನಮ್ಮ ಇಲ್ಲಿನ ವಸಂತಕ್ಕೆ ಮೃದುತನ ಕಡಿಮೆ. ಫೆಬ್ರವರಿ ಮುಗಿಯುವ ಮೊದಲೇ ಬಿಸಿಲು ಚುರುಗುಟ್ಟುತ್ತದೆ, ಜೂನಿನವರೆಗೆ ಮಳೆಯ ಮಾತಿಲ್ಲ. ಹಾಗಾಗಿ ಇಲ್ಲಿ ಗಿಡಗಳನ್ನು ವಸಂತಕ್ಕೆ ಸಜ್ಜುಗೊಳಿಸುವುದೆಂದರೆ ಬೇಸಗೆಯನ್ನು ತಾಳಿಕೊಳ್ಳುವಂತೆ ಮಾಡುವುದು.

ಮೊದಲು ಕುಂಡದ ಮಣ್ಣು. ಮಳೆಗಾಲದಲ್ಲಿ ಸತ್ವ ತೊಳೆದುಹೋಗಿ, ಚಳಿಗಾಲದಲ್ಲಿ ಗಟ್ಟಿಕಟ್ಟಿರುತ್ತದೆ. ಬೇರಿಗೆ ಪೆಟ್ಟಾಗದಂತೆ ಮೇಲಿನ ಮಣ್ಣು ಸಡಿಲಿಸಿ, ಹಳೆಯ ಗೊಬ್ಬರ ಬೆರೆಸಿ. ಬೇರು ಕುಂಡದ ತೂತಿನಿಂದ ಹೊರಗೆ ಬಂದಿದ್ದರೆ ದೊಡ್ಡ ಕುಂಡಕ್ಕೆ ಬದಲಿಸಿ. ಮಲ್ಲಿಗೆಯ ಒಣಗಿದ, ಹಳೆಯ ರೆಂಬೆಗಳನ್ನು ಸವರಿ. ಹೊಸ ಚಿಗುರಿನಲ್ಲೇ ಮೊಗ್ಗು ಬರುವುದು. ತುಳಸಿಯ ತೆನೆ ಚಿವುಟಿ, ಬೀಜ ಒಣಗಿಸಿಡಿ. ಬೆಂಡೆ, ಹರಿವೆ, ಅಲಸಂಡೆ, ಸೌತೆ, ಹೀರೆ ಬಿತ್ತಲು ಇದೇ ಸಮಯ. ಕುಂಡದ ಮೇಲೆ ತರಗೆಲೆ ಹಾಸಿ. ಅಜ್ಜಿಯರು ಹಾಡಿಯಿಂದ ಹೊತ್ತು ತಂದ ತರಗೆಲೆಯನ್ನು ನಮ್ಮ ಸೊಸೈಟಿಗಳು ಗುಡಿಸಿ ಕಸದ ಗಾಡಿಗೆ ಕೊಡುತ್ತವೆ, ಕೆಲವೆಡೆ ಸುಡುತ್ತವೆ. ಅದನ್ನು ಕೇಳಿ ತನ್ನಿ. ಕೆಳಗಿನ ಮನೆಯವರ ಬಟ್ಟೆಗೆ ನೀರು ತೊಟ್ಟಿಕ್ಕದಂತೆ ತಟ್ಟೆ ಇಡಿ. ಈ ಒಂದು ಕಾರಣಕ್ಕೆ ನಾನು ಮೂರು ವರ್ಷ ಒಬ್ಬ ಗೆಳತಿಯ ಮಾತು ಕಳಕೊಂಡಿದ್ದೆ.

ಅಡುಗೆಮನೆಯ ಸಿಪ್ಪೆಯೇ ಗೊಬ್ಬರವಾಗುತ್ತದೆ. ಮಹಾರಾಷ್ಟ್ರದ ಶ್ರೀಪಾದ ದಾಭೋಲ್ಕರ್ ಅವರು ಒಣ ಎಲೆಗಳಿಂದ ಜೀವಂತ ಮಣ್ಣು ಮಾಡುವ ವಿಧಾನವನ್ನು ಜನರಿಗೆ ಕಲಿಸಿದರು. ಮುಂಬಯಿ ಬಂದರು ಸಂಸ್ಥೆಯ ಕ್ಯಾಂಟೀನಿನಲ್ಲಿದ್ದ ಪ್ರೀತಿ ಪಾಟೀಲ್ ಅವರು 2002ರಲ್ಲಿ ಅಡುಗೆಯ ತ್ಯಾಜ್ಯವನ್ನೇ ಬಳಸಿ ಮಹಡಿಯ ಮೇಲೆ ತೋಟ ಎಬ್ಬಿಸಿದರು. ಎಣ್ಣೆ ಡಬ್ಬದ ನಮ್ಮ ಹಿರಿಯರು ಮಾಡಿದ್ದೂ ಇದನ್ನೇ; ಅದಕ್ಕೆ ಹೆಸರಿರಲಿಲ್ಲ ಅಷ್ಟೇ.

ಕೊನೆಗೊಂದು ವಿನಂತಿ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ನಮ್ಮ ಮಹಿಳಾ ವಿಭಾಗಗಳು ಅರಸಿನ ಕುಂಕುಮ ನಡೆಸುತ್ತವೆ. ಮರಾಠಿ ನೆರೆಯವರಿಂದ ಕಲಿತಂತೆ ಬಂದವರಿಗೆ ವಾಣವನ್ನೂ ಕೊಡುತ್ತೇವೆ. ಪ್ಲಾಸ್ಟಿಕ್ ಡಬ್ಬ, ಸ್ಟೀಲ್ ಬಟ್ಟಲು ಎಲ್ಲರ ಮನೆಯಲ್ಲೂ ತುಂಬಿವೆ. ಮುಂದಿನ ಸಲ ಒಂದು ಕಾಗದದ ಪೊಟ್ಟಣದಲ್ಲಿ ಹರಿವೆ ಬೀಜವನ್ನೋ ಒಂದು ಗೇಣು ಬಸಳೆ ದಂಟನ್ನೋ ಕೊಡೋಣ. ಪೊಟ್ಟಣದ ಮೇಲೆ ಗಿಡದ ಹೆಸರು, ಅದು ಯಾವ ಊರಿಂದ, ಯಾರ ಹಿತ್ತಿಲಿನಿಂದ ಬಂತು ಎಂದು ಕನ್ನಡದಲ್ಲಿ ಬರೆಯೋಣ. ಮೊಮ್ಮಕ್ಕಳಿಗೆ ಅದನ್ನು ಓದಲು ಕಲಿಸೋಣ. ರಥಸಪ್ತಮಿಗೆ ಕೊಟ್ಟ ಬೀಜವನ್ನು ಕೆಡ್ಡಸ ಕಳೆದ ಮೇಲೆ ಬಿತ್ತಿದರೆ, ಏಪ್ರಿಲ್ ನಡುವಿನ ಬಿಸುವಿಗೆ ಕಣಿ ಇಡುವಾಗ ನಮ್ಮದೇ ಬಾಲ್ಕನಿಯ ಒಂದು ಸಣ್ಣ ಕಾಯಿಯಾದರೂ ತಟ್ಟೆಯಲ್ಲಿರುತ್ತದೆ.

ನನ್ನ ಬಾಲ್ಕನಿಯ ಕರಿಬೇವಿಗೆ ಈ ವಾರ ಮಣ್ಣು ಬದಲಿಸಬೇಕು. ಸಸಿ ಬೇಕಾದವರು ಮುಂದಿನ ಸಭೆಗೆ ಬರುವಾಗ ಒಂದು ಖಾಲಿ ಡಬ್ಬ ತನ್ನಿ.